ಕರ್ತೃವಿನ ಸಾಲು

ಕಲಿತದ್ದನ್ನು ಯಾರಿಗೆ ಹೇಳಿದರೂ, ಕರ್ತೃ ಎಂಬ ಸಾಲಿನಲ್ಲಿ ಕಲಿಸಿದವರ ಹೆಸರಿರುವ, ಯಾರು ಬೇಕಾದರೂ ತಿದ್ದಬಹುದಾದ ಸಾದಾ ಅಕ್ಷರದ ಕಡತವೊಂದನ್ನು ಕೇಳಿದವರ ಫೋನಿಗೆ ಕಳಿಸುವುದು ಆಗ ಎಲ್ಲೆಡೆ ರೂಢಿಯಾಗಿತ್ತು. ಕೆಮ್ಮಿಗೆ ಮದ್ದು ಹೇಳುವ ಕಾಯಿಪಲ್ಯದವಳೂ ಕಳಿಸುತ್ತಿದ್ದಳು. ಬೆಟಗೇರಿಯ ಸಭೆಯಲ್ಲಿ ಸೀರೆ ಅಂಚುಗಳ ಹಳೆಯ ಹೆಸರುಗಳ ಬಗ್ಗೆ ಮಾತಾಡಿ ಮುಗಿಸಿದ ಪ್ರೊಫೆಸರ್ ಗುರುಪಾದಪ್ಪನೂ ಮುನ್ನೂರು ಜನರಿಗೆ ಕಳಿಸಿದ.

ಸಭೆಯಿಂದ ನೇಕಾರ ಮುದುಕಿ ಬಾಳವ್ವ ಎದ್ದು ಬಂದಳು. ಮೂರು ಬೇಸಗೆ ಅವನನ್ನು ಮಗ್ಗದ ಪಕ್ಕ ಕೂರಿಸಿಕೊಂಡು ಆ ಹೆಸರುಗಳನ್ನೆಲ್ಲ ಹೇಳಿಕೊಟ್ಟು, ತನ್ನ ಹೆಸರಿದ್ದ ಕಡತ ಕಳಿಸಿದ್ದವಳು ಅವಳೇ.

“ಕಣ್ಣು ಮಂಜಾಗ್ಯಾವ್ರಿ ಸರ. ನನ್ನ ಹೆಸರು ಎಲ್ಲೈತಿ, ಓದಿ ಹೇಳ್ರಿ,” ಎಂದು ಫೋನು ಚಾಚಿದಳು.

ಕರ್ತೃ ಎಂಬಲ್ಲಿ ಗುರುಪಾದಪ್ಪನ ಹೆಸರೊಂದೇ ಇತ್ತು. ಇದೆ ಎಂದು ಸುಳ್ಳೇ ಓದಿಬಿಡಬಹುದಿತ್ತು. ಆದರೆ ಅವಳು ಕಿವಿಗೊಟ್ಟು ಕಾಯುತ್ತಿದ್ದ ರೀತಿ ನೋಡಿ ಅವನಿಗೆ ನಾಲಿಗೆ ಹೊರಳಲಿಲ್ಲ.

“ಇಲ್ಲಬೇ. ನಾನ ಅಳಿಸೀನಿ,” ಎಂದ, ನೆಲ ನೋಡುತ್ತ.

ಅವನು ಅಲ್ಲೇ ತನ್ನ ಹೆಸರು ತೆಗೆದು, ಅವಳದನ್ನು ಬರೆದು, ಎಲ್ಲರಿಗೂ ಮತ್ತೆ ಕಳಿಸಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಹೆಸರು ಅಳಿಸೂದು, ಬರಿಯೂದು ಇಷ್ಟ ಏನ್ರಿ ಸರ ಕೆಲಸ?” ಎಂದಳು ಬಾಳವ್ವ.

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದಳು. ಗುರುಪಾದಪ್ಪ ಹೌದೆಂದು ತಲೆಯಾಡಿಸಿದ.