ನಾಲಿಗೆಗೆ ನೆರಳು

"ದಯವಿಟ್ಟು ಅಲುಗಬೇಡಿ ಅಮ್ಮಾ. ನಿಮಗೇನೂ ನೋವಾಗೋದಿಲ್ಲ," ಎಂದು ಕ್ಯಾನ್ಸರ್ ಗಡ್ಡೆ ಸುಡುವ ಕಿರಣದ ಯಂತ್ರ ನಡೆಸುವ ಜೇರೆ ಬಲು ನಯವಾಗಿ ಹೇಳಿದ. ಮೇಜಿನ ಮೇಲೆ ಮಲಗಿದ್ದ ಚಿಲೆಶೆ ಅಜ್ಜಿ ಅವನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿ ತಟ್ಟನೆ ಎದ್ದು ಕೂತಳು.

"ಜೇರೆ ಅಂದ್ರೆ ನೀನು ಅಂಗೋನಿ ಕುಲದೋನು ತಾನೆ?"

"ಹೌದಮ್ಮಾ."

"ನಾನು ಬೆಂಬಾ. ಗೊತ್ತಿದ್ದೂ ಅಮ್ಮಾ ಅಂತೀಯಲ್ಲ! ಹಾಗಾದ್ರೆ ನಾನು ಬದುಕೋದಿಲ್ಲ ಅಂತಾಯ್ತು. ಚಪ್ಪಲಿ ಕೊಡು, ಮನೆಗೆ ಹೋಗ್ತೀನಿ."

ಮುತ್ತಜ್ಜರ ಕಾಲದಲ್ಲಿ ಈಟಿ ಹಿಡಿದು ಕಾದಾಡಿದ ಈ ಎರಡು ಕುಲದವರು ಈಗ ಬೈಗುಳದ ನೆಂಟರು. ಲುಸಾಕಾದ ಸಂತೆಯಲ್ಲಿರಲಿ, ಸಾವಿನ ಮನೆಯಲ್ಲಿರಲಿ, ಎದುರಾದರೆ ಹಂಗಿಸಲೇಬೇಕು. ನಯವಾಗಿ ಮಾತಾಡಿದನೆಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಆದರೆ ರೋಗಿಗಳೊಡನೆ ಹುಡುಗಾಟ ಕೂಡದೆಂದು ಆಸ್ಪತ್ರೆಯ ದೊಡ್ಡವರು ಜೇರೆಗೆ ತಾಕೀತು ಮಾಡಿದ್ದರು.

ಅವನು ಯಂತ್ರ ತೋರಿಸಿ ತಿಳಿಹೇಳಿದ. ಒಳಗಿನ ಕೊಳವೆಯಲ್ಲಿ ವಿದ್ಯುತ್ತಿನ ಕಣಗಳು ಓಡೋಡಿ ಬಂದು ಗಟ್ಟಿ ಲೋಹದ ತುಂಡಿಗೆ ಡಿಕ್ಕಿ ಹೊಡೆಯುತ್ತವೆ. ಆ ಪೆಟ್ಟಿಗೆ ಕಿರಣ ಹುಟ್ಟುತ್ತದೆ. ಅದು ಹೊರಬರುವ ಬಾಯಲ್ಲಿ ಲೋಹದ ತೆಳು ಪಟ್ಟಿಗಳು ಎರಡೂ ಕಡೆಯಿಂದ ಸರಿದು, ಅಜ್ಜಿಯ ಕೊರಳ ಗಡ್ಡೆಯ ಆಕಾರದಷ್ಟೇ ಕಿಂಡಿ ಬಿಡುತ್ತವೆ. ಕಿರಣ ಬೀಳುವ ಜಾಗವನ್ನು ಬರೀ ಬೆಳಕಿನಲ್ಲಿ ತೋರಿಸುವ ಗುರುತಿನ ದೀಪವನ್ನು ಜೇರೆ ಹಾಕಿದ. ಅಜ್ಜಿ ಅಂಗೈ ಒಡ್ಡಿದಳು. ಪುಟ್ಟ ಸಿಹಿಗೆಣಸಿನಂಥ ಬೆಳಕೊಂದು ಅದರ ಮೇಲೆ ಬಂದು ಕೂತಿತು.

"ಎಲ್ಲಾ ಸರಿ. ಚಪ್ಪಲಿ ಕೊಡು."

ಜೇರೆ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

"ಲೇ, ಮಂಗ ತಿನ್ನೋ ಮುದುಕಿ," ಎಂದ ಮೆಲ್ಲಗೆ. "ನಾಲಿಗೆಗೆ ಏಟು ಬೀಳಬಾರದೂಂತ ಡಾಕ್ಟರು ಅಲ್ಲಿಗೆ ಪಟ್ಟಿ ಅಡ್ಡ ಇಡಿಸಿದಾರೆ. ನನ್ನ ಕೈಗೆ ಬಿಟ್ಟಿದ್ರೆ ಮೊದಲು ಅದನ್ನೇ ಸುಡ್ತಿದ್ದೆ. ಇಡೀ ದೇಶ ಹಾಯಾಗಿ ನಿದ್ದೆ ಮಾಡ್ತಿತ್ತು."

ಅಜ್ಜಿಯ ಮುಖ ಅರಳಿತು. "ಬಂತಪ್ಪಾ ಬಾಯಿ, ಇಲಿ ತಿನ್ನೋನಿಗೆ! ನಾನು ಸತ್ರೆ ಹೆಣದ ಮುಂದೆ ಕುಣಿದು ನಗಿಸೋಕೆ ಬರ್ತೀಯಾ?"

"ಯಾರಿಗಿದೆ ಪುರುಸೊತ್ತು? ಹೊರಗೆ ಸಾಲು ನಿಂತಿದೆ. ಅದಕ್ಕೇ, ಸಾಯದೆ ಮಲಕ್ಕೋ."

ಅಜ್ಜಿ ಮಲಗಿದಳು. ಜೇರೆ ಅವಳ ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು, ದಪ್ಪ ಬಾಗಿಲು ಮುಚ್ಚಿ, ಹೊರಗಿನ ಪರದೆಯ ಮುಂದೆ ಕೂತು ಗುಂಡಿ ಒತ್ತಿದ. ಯಂತ್ರ ಅವಳ ಸುತ್ತ ನಿಧಾನವಾಗಿ ತಿರುಗತೊಡಗಿತು. ತಲೆ ಅಲುಗಲಿಲ್ಲ, ಭುಜ ಅಲುಗಲಿಲ್ಲ. ಹೊದ್ದ ಚಿಟೆಂಗೆ ಬಟ್ಟೆಯ ಅಂಚಿನಿಂದ ಹೊರಗೆ ಇಣುಕಿದ ಕಾಲಿನ ಹೆಬ್ಬೆರಳೊಂದು ಮಾತ್ರ ಬಿದ್ದು ಬಿದ್ದು ನಗುತ್ತಿತ್ತು.