ಹಿರೇಕೆರೂರಿನಲ್ಲಿ ನಾಲ್ಕು ತಾಲ್ಲೂಕಿನ ಮಳೆ

ಹಿರೇಕೆರೂರಿನಲ್ಲಿ ನಾಲ್ಕು ವರ್ಷಕ್ಕಾಗುವಷ್ಟು ಮಳೆ ಒಂದೇ ವರ್ಷ ಸುರಿದುಬಿಟ್ಟಿತ್ತು. ಶಿವಾನಂದನ ಲ್ಯಾಪ್‌ಟಾಪಿನಲ್ಲಿ ಮಾತ್ರ.

"ಸರ, ಇಷ್ಟು ಮಳಿ ಖರೇನ ಆಗಿದ್ರ ಹಿರೇಕೆರೂರಿಗೆ ಬಸ್ಸಲ್ಲ, ದೋಣಿ ಬಿಡಬೇಕಾಗ್ತಿತ್ತು," ಎಂದ ಜಾಹೀದ. ಎದುರು ಮನೆಯವನು, ಕಾಲೇಜಿನಲ್ಲಿ ಭೂಗೋಳ ಕಲಿಸುತ್ತ ನಾಲ್ಕು ತಾಲ್ಲೂಕುಗಳ ಮಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. "ಒಂದೊಂದ ತಾಲೂಕು ಬ್ಯಾರೆ ಬ್ಯಾರೆ ಹಾಕಿದ್ರ ಲೆಕ್ಕ ಬರೋಬ್ಬರಿ ಬರ್ತದ. ಸಾಲಾಗಿ ಹಾಕಿದ್ರ ಹಾನಗಲ್ ಒಂದ ಖರೆ, ಮುಂದಿಂದೆಲ್ಲಾ ಮಹಾಪೂರ. ನಾಳೆ ಗೈಡ್‌ಗೆ ತೋರಸಬೇಕ್ರಿ. ಸಂಜಿತನಕಾ ನೋಡ್ತೇನಿ, ಆಗಲಿಲ್ಲಂದ್ರ ಎಲ್ಲಾರೂ ಬಳಸೂ ಲೈಬ್ರರಿನ ಹಾಕ್ಕೋತೇನಿ. ಸಿಟ್ಟಾಗಬ್ಯಾಡ್ರಿ."

ಶಿವಾನಂದ ಸಿಟ್ಟಾಗಲಿಲ್ಲ, ಹೆದರಿದ. ಜಾಹೀದ ಮಳೆ ಲೆಕ್ಕಕ್ಕೆ ಬಳಸುತ್ತಿದ್ದದ್ದು ಶಿವಾನಂದ ರಜೆಗಳನ್ನೆಲ್ಲ ಸುಟ್ಟು ತಾನೇ ಬರೆದ ಗಣಿತದ ಲೈಬ್ರರಿ, ಅಂದರೆ ಲೆಕ್ಕ ಮಾಡಿಕೊಡುವ ಕಂಪ್ಯೂಟರ್ ಪ್ರೋಗ್ರಾಮುಗಳ ಕಟ್ಟು; ಅದಕ್ಕೆ ಇಡೀ ಭೂಮಂಡಲದಲ್ಲಿ ಇಬ್ಬರೇ ಬಳಕೆದಾರರು. ಒಬ್ಬ ತಾನು. ಇನ್ನೊಬ್ಬನೂ ಕೈಬಿಟ್ಟರೆ ಅದಕ್ಕೆ ಲೈಬ್ರರಿ ಎನ್ನುವುದಿಲ್ಲ, ಚಟ ಎನ್ನುತ್ತಾರೆ. ಹೆಂಡತಿ ಸವಿತಾ ಈಗಾಗಲೇ ಹಾಗೆನ್ನುತ್ತಿದ್ದಳು.

"ಮೆಮೊರಿ ಹಂಚೂ ಭಾಗದಾಗಂತೂ ತಪ್ಪಿರಾಕ ಸಾಧ್ಯ ಇಲ್ಲಪಾ," ಎಂದ. ಅದೇ ಅವನ ದೊಡ್ಡ ಹೆಮ್ಮೆ. ಒಂದು ಲೆಕ್ಕ ಮುಗಿದ ಕೂಡಲೇ ಕಂಪ್ಯೂಟರಿನ ಮೆಮೊರಿಯಲ್ಲಿ ಅದು ಬಳಸಿದ ಜಾಗವನ್ನು ಹಾಗೇ ಎತ್ತಿ ಮುಂದಿನ ಲೆಕ್ಕಕ್ಕೆ ಕೊಡುವುದು. ನಡುವೆ ಒಂದು ಕ್ಷಣವೂ ಪೋಲಾಗಬಾರದು. ಗೊಟಗೋಡಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಇದನ್ನು ಪಕ್ಕದವರಿಗೆ ವಿವರಿಸಿದ್ದ. ಅವರು ಮಜ್ಜಿಗೆಗೂ ಕಾಯದೆ ಎದ್ದಿದ್ದರು.

"ಮದಲ ಚಾ ಕುಡದು ನೋಡೂಣು," ಎಂದು ಅಡುಗೆಮನೆಗೆ ಹೋದ. ಸವಿತಾ ಬೆಳಿಗ್ಗೆ ಆಡೂರಿನ ತವರಿಗೆ ಹೊರಡುವಾಗ ಹಾಲಿನ ಬಗ್ಗೆ ಏನೋ ಹೇಳಿದ್ದಳು. ಕೇಳಿಸಿಕೊಂಡಿರಲಿಲ್ಲ. ಕಟ್ಟೆಯ ಮೇಲೆ ಜಾಹೀದನ ಮನೆಯ ಸಣ್ಣ ಸ್ಟೀಲ್ ಬೋಗುಣಿ ಇತ್ತು. ವರ್ಷಗಟ್ಟಲೆ ಎರಡು ಮನೆಗಳ ನಡುವೆ ಓಡಾಡಿದ ಬೋಗುಣಿ. ಹೋಗುವಾಗಲಾಗಲಿ ಬರುವಾಗಲಾಗಲಿ ಖಾಲಿ ದಾಟಿದ್ದೇ ಇಲ್ಲ. ಶಿವಾನಂದ ಅದಕ್ಕೇ ಹಾಲು ಸುರುವಿ ಒಲೆಗಿಟ್ಟ. ಹಾಲು ಉಕ್ಕುವ ಬದಲು ಒಡೆದು ಗಡ್ಡೆಗಟ್ಟಿತು.

ಜಾಹೀದ ಬಂದು ಇಣುಕಿದ. "ಅಯ್ಯ ಸರ! ಸವಿತಾ ವೈನ್ಯಾರು ಹೆಪ್ಪಿಗೆ ಮಸರು ಕೇಳಿದ್ರಂತ ನಮ್ಮ ಮುನವ್ವರಾ ಮುಂಜಾನೆ ಅದರಾಗ ಹಾಕಿ ಕೊಟ್ಟಿದ್ಲು. ಹಾಲು ಹಾಕೂ ಮುಂದ ಒಂಚೂರು ತಳಾ ನೋಡಬಾರದೇನ್ರಿ?"

ಶಿವಾನಂದ ಒಡೆದ ಹಾಲನ್ನೇ ನೋಡುತ್ತ ನಿಂತ. ಆಮೇಲೆ ಒಲೆ ಆರಿಸಿ ಲ್ಯಾಪ್‌ಟಾಪಿಗೆ ಓಡಿದ. ಅವನು ಅಷ್ಟು ಜಾಣತನದಿಂದ ದಾಟಿಸಿದ ಜಾಗದ ತಳದಲ್ಲಿ ಹಾನಗಲ್ಲಿನ ಮಳೆ ಹಾಗೇ ನಿಂತಿತ್ತು. ಅದರ ಮೇಲೆ ಶಿಗ್ಗಾವಿಯದು, ಅದರ ಮೇಲೆ ಸವಣೂರಿನದು. ಕಡೆಗೆ ಬಂದ ಹಿರೇಕೆರೂರು ಮುಳುಗದೆ ಏನು ಮಾಡೀತು? ಜಾಗವನ್ನು ಕೊಡುವ ಮುಂಚೆ ತೊಳೆಯುವುದು ದಂಡದ ಕೆಲಸವೆಂದು ತಾನೇ ಬಿಟ್ಟಿದ್ದ. ಈಗ ಪೂರ್ತಿ ಸೊನ್ನೆ ತುಂಬಿಯೇ ಕೊಡು ಎಂದು ಒಂದು ಸಾಲು ಸೇರಿಸಿದ. ಪ್ರವಾಹ ಇಳಿಯಿತು.

"ಹಂಗಾರ ನಿಮ್ಮ ಲೈಬ್ರರಿ ಬಿಡೂದಿಲ್ಲ ತಗೋರಿ," ಎಂದು ಜಾಹೀದ ನಕ್ಕ. "ಪೆನ್‌ಡ್ರೈವಿಗೆ ಹಾಕಿ ನಮ್ಮ ಮನಿಗೆ ತರ್ರಿ, ಅಷ್ಟರಾಗ ನಾ ಉಳಿದ ಕೆಲಸಾ ಮುಗಸ್ತೇನಿ."

ಕಲಿತ ಪಾಠದ ಹುರುಪಿನಲ್ಲಿ ಶಿವಾನಂದ ಬೋಗುಣಿಯನ್ನು ತಿಕ್ಕಿ ತಿಕ್ಕಿ ತೊಳೆದ, ಒರೆಸಿದ, ಬೆಳಕಿಗೆ ಹಿಡಿದು ತಳ ನೋಡಿದ. ಏನೆಂದರೆ ಏನೂ ಉಳಿದಿರಲಿಲ್ಲ. ಪೆನ್‌ಡ್ರೈವನ್ನು ಜೇಬಿಗಿಳಿಸಿ ಎದುರು ಮನೆಗೆ ಹೋಗಿ, ಬಾಗಿಲಿಗೆ ಬಂದ ಜಾಹೀದನ ಹೆಂಡತಿ ಮುನವ್ವರಾಳ ಕೈಗೆ ಬೋಗುಣಿ ಕೊಟ್ಟ.

ಅವಳು ಒಳಗೆ ನೋಡಿದಳು. ಮುಖ ಸಣ್ಣದಾಯಿತು.

"ಯಾಕ್ರಿ ಅಣ್ಣಾರ, ಖಾಲಿ ಕೊಟ್ರಿ? ನಮ್ಮಿಂದ ಏನರ ತಪ್ಪಾತೇನ್ರಿ?"

ಆ ಬೋಗುಣಿ ಖಾಲಿ ದಾಟುವಂತಿಲ್ಲವೆಂಬುದು ಶಿವಾನಂದನಿಗೆ ಆಗ ನೆನಪಾಯಿತು. ಒಂದು ಹಿಡಿ ಸಕ್ಕರೆಯಿಲ್ಲ, ಒಂದು ಬಾಳೆಹಣ್ಣಿಲ್ಲ. ಜೇಬು ತಡಕಿ, ಸಿಕ್ಕಿದ್ದನ್ನೇ ಅವಸರದಲ್ಲಿ ಬೋಗುಣಿಗೆ ಹಾಕಿದ. ಟಣ್ ಎಂದಿತು.

ಮುನವ್ವರಾ ಪೆನ್‌ಡ್ರೈವನ್ನು ಎತ್ತಿ, ಹಿಂದೆ ಮುಂದೆ ಹೊರಳಿಸಿ ನೋಡಿದಳು.

"ಇದು ಎಷ್ಟ ಲೀಟರ್ ಹಾಲಿಗೆ ಹೆಪ್ಪಾಗ್ತದ್ರಿ ಅಣ್ಣಾರ?"