ಸಲೋಮಿ ಕ್ಯಾಪ್ಟನ್ ಕ್ಷಮಿಸಲಿಲ್ಲ

ಫ್ರೆಂಡ್ಸ್, ಮೊದಲೇ ಹೇಳಿಬಿಡುತ್ತೇನೆ... ಇದು ಕ್ಷಮಿಸಿದವರ ಕಥೆ ಅಲ್ಲ.

ನೂರು ವರ್ಷಕ್ಕೂ ಹಿಂದೆ ಮಂಗಳೂರಿಗೆ ಬರುತ್ತಿದ್ದ ಒಂದು ಸ್ಟೀಮರ್ ಬಿರುಗಾಳಿಗೆ ಸಿಕ್ಕಿ ಮುಳುಗಿತು.

ಸಲೋಮಿ ಎಂಬ ಹುಡುಗಿ ಮತ್ತು ಅವಳ ತಂಗಿ ಮಾರ್ತಾ ನೀರಿಗೆ ಬಿದ್ದರು. ಮಾರ್ತಾಳ ಎದೆಗೆ ಕಟ್ಟಿದ್ದ ಲೈಫ್‌ಬೆಲ್ಟನ್ನು ಹಡಗಿನ ಕೆಲಸದ ಒಬ್ಬ ಖಲಾಸಿ ಕಿತ್ತುಕೊಂಡ.

ಸಲೋಮಿ ಅವನ ಮಣಿಕಟ್ಟನ್ನು ಎಲುಬು ಸಿಗುವ ತನಕ ಕಚ್ಚಿದಳು... ಅವನು ಬಿಡಲಿಲ್ಲ. ಮಾರ್ತಾ ಮೇಲೆ ಬರಲಿಲ್ಲ.

ಬದುಕುಳಿದ ಸಲೋಮಿ ಆಮೇಲೆ ಸಮುದ್ರಕ್ಕೆ ಕಾಲೇ ಇಡಲಿಲ್ಲ. ಬಡವರ ಸೇವೆ ಮಾಡುವ ಕ್ರೈಸ್ತ ಸಂಘ ಸಾಲ್ವೇಶನ್ ಆರ್ಮಿ ಸೇರಿದಳು... ಕಾವಿ ಸೀರೆ, ಬರಿಗಾಲು. ಆ ಸಂಘದಲ್ಲೇ ಕ್ಯಾಪ್ಟನ್ ಎಂಬ ಹುದ್ದೆಗೇರಿದಳು.

ಆದರೆ ಪ್ರತಿ ಟ್ರಾನ್ಸ್‌ಫರ್‌ಗೂ ಬಂದರಿನ ಊರನ್ನೇ ಕೇಳುತ್ತಿದ್ದಳು. ಹಸಿದ ನಾವಿಕರಿಗೆ ಗಂಜಿ ಬಡಿಸುವಾಗ ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡುತ್ತಿದ್ದಳು.

"ಎಂಥ ಪ್ರೀತಿ ಮಾರಾಯ್ರೆ ಈ ಅಮ್ಮನಿಗೆ" ಅನ್ನುತ್ತಿದ್ದರು ಜನ.

ಪ್ರೀತಿ ಅಲ್ಲ... ಅವಳು ತನ್ನ ಹಲ್ಲಿನ ಗುರುತು ಹುಡುಕುತ್ತಿದ್ದಳು.

ಕೊನೆಗೆ ಮಂಗಳೂರಿನಲ್ಲಿ, ದೋಣಿಗಳು ನಿಲ್ಲುವ ಧಕ್ಕೆಯಲ್ಲೇ ಸಿಕ್ಕಿತು.

ಬೀದಿ ಪ್ರಾರ್ಥನೆ ಮುಗಿದ ಮೇಲೆ ಆರ್ಮಿಯವರು ತಾವು ಬಾರಿಸುವ ಡ್ರಮ್ಮನ್ನು ನೆಲಕ್ಕೆ ಮಲಗಿಸುತ್ತಾರೆ. ಪಾಪ ಒಪ್ಪಿಕೊಳ್ಳುವವರು ಅದರ ಮುಂದೆ ಮಂಡಿಯೂರಬೇಕು. ಅಂದು ಪಾಸ್ಕು ಎಂಬ ನರೆತ ಗಡ್ಡದವನು ಬಂದು ಡ್ರಮ್ಮಿನ ಮೇಲೆ ಕೈಯಿಟ್ಟ...

"ಒಂದು ಹುಡುಗಿಯ ಬೆಲ್ಟ್ ಕಿತ್ಕೊಂಡು ಬದುಕಿದವ ನಾನು. ದೇವರು ಕ್ಷಮಿಸ್ತಾನಾ ಅಮ್ಮ?"

ಸಲೋಮಿ ಅವನ ಮಣಿಕಟ್ಟಿನ ಹಳೇ ಗಾಯದ ಗುರುತಿನ ಮೇಲೆ ಬೆರಳೊತ್ತಿದಳು. "ದೇವರದ್ದು ನಂಗೆ ಗೊತ್ತಿಲ್ಲ. ಈ ಹಲ್ಲು ನಂದು. ನಾನು ಕ್ಷಮಿಸುದಿಲ್ಲ."

ಪಾಸ್ಕು ತಲೆ ಎತ್ತಿ ಅವಳ ಮುಖ ನೋಡಿದ. "ಹಾಗಾದ್ರೆ ನನ್ನನ್ನು ಸಮುದ್ರಕ್ಕೆ ತಳ್ಳಿಬಿಡಿ."

"ಅಷ್ಟು ಸುಲಭಕ್ಕೆ ಬಿಡ್ತೇನಾ? ಇನ್ನು ಇಲ್ಲಿ ಯಾವ ದೋಣಿ ಮಗುಚಿದ್ರೂ ಮೊದ್ಲು ಹಾರುವವ ನೀನು. ಬೆಲ್ಟ್ ಇಲ್ದೆ."

ಅಂದಿನಿಂದ ಗಾಳಿ ಎದ್ದಾಗೆಲ್ಲ ಅವಳೇ ಹೋಗಿ ಅವನ ಬಾಗಿಲು ಬಡಿಯುತ್ತಿದ್ದಳು. ಜ್ವರ ಇದ್ದರೂ ಬಿಡುತ್ತಿರಲಿಲ್ಲ.

"ಏಳು ಪಾಸ್ಕು. ನೀರಲ್ಲಿ ಜನ ಇದ್ದಾರೆ."

"ಪಾಪದವನ ಮೇಲೆ ಎಂತ ಹಗೆ ಅಮ್ಮ ನಿಮ್ಗೆ?" ಅಂತ ಮೀನಿನ ಹೆಂಗಸರು ಬೈದರು.

"ಹಗೆಯೇ" ಅಂದಳು ಸಲೋಮಿ.

ಎಷ್ಟೋ ಜನ ಅವನ ಕೈ ಹಿಡಿದು ದಡ ಸೇರಿದರು...

ಒಂದು ಮಳೆಗಾಲ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಪಾಸ್ಕು ಒಬ್ಬ ಪುಟ್ಟ ಹುಡುಗಿಯನ್ನು ಎತ್ತಿ ತಂದು ಸಲೋಮಿಯ ಮಡಿಲಿಗೆ ಹಾಕಿದ. ಹಾಗೇ ಮರಳಿನ ಮೇಲೆ ಕುಸಿದ.

"ಈಗಲಾದ್ರೂ... ಕ್ಷಮಿಸಿದ್ರಾ?"

ಮಗು ಕೆಮ್ಮಿ ಉಸಿರೆಳೆಯಿತು. ಸಲೋಮಿಯ ಕಣ್ಣು ತುಂಬಿತ್ತು.

"ಇಲ್ಲ. ಏಳು ಪಾಸ್ಕು... ನೀರಲ್ಲಿ ಇನ್ನೂ ಜನ ಇದ್ದಾರೆ."

ಅವನು ಏಳಲಿಲ್ಲ. ಉಸಿರು ನಿಂತಿತ್ತು.

ಸಲೋಮಿ ಮಗುವನ್ನು ಪಕ್ಕದವರ ಕೈಗಿಟ್ಟಳು. ಸೆರಗು ಬಿಗಿದಳು. ತಂಗಿ ಮುಳುಗಿದ ದಿನದ ನಂತರ ಮೊದಲ ಸಲ... ಸಮುದ್ರಕ್ಕೆ ಇಳಿದಳು.

*ಹಗೆ ಬಿಡಲು ಆಗದಿದ್ದರೆ, ಅದನ್ನು ಜೀವ ಉಳಿಸುವ ಕೆಲಸಕ್ಕೆ ಹಚ್ಚಿ.*

ನಿಮ್ಮೊಳಗಿನ ಸಿಟ್ಟು ಇವತ್ತು ಯಾವ ಕೆಲಸ ಮಾಡುತ್ತಿದೆ...?